ಇಂಜಿನ್ ಗೈರುಹಾಜರು

ದಿನಾ ಅರ್ಧ ತಾಸು ನಡೆಯಬೇಕೆಂದು ಡಾಕ್ಟರು ನನಗೆ ಹೇಳಿದ್ದಾರೆ. ನಾನು ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಯಿಂದ ಹೊರಟು ಕಾಲು ತಾಸು ನಡೆಯುತ್ತೇನೆ, ಉಳಿದ ಕಾಲು ತಾಸನ್ನು ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಂತು ಕಳೆಯುತ್ತೇನೆ. ಇದು ಡಾಕ್ಟರಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ. ಮೊನ್ನೆ ಅಲ್ಲಿ ಒಂದು ಕಾರಿನ ಇಂಜಿನ್ನನ್ನು ಸರಪಳಿಗೆ ಕಟ್ಟಿ ಮೇಲೆತ್ತಿದ್ದರು. ಅದು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಕೆಳಗೆ ಕಾರು ಹಲ್ಲು ಕಿತ್ತಿಸಿಕೊಂಡವರ ಹಾಗೆ ಬಾಯಿ ತೆರೆದು ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಗ್ಯಾರೇಜಿನವ ನನ್ನನ್ನು ನೋಡಿ, "ಯಾಕ್ರಿ ಅಜ್ಜಿ, ಇಂಜಿನ್ ಮೊದಲೆಂದೂ ನೋಡಿಲ್ಲೇನ್ರಿ?" ಎಂದ. ನೋಡಿದ್ದೆನೇ? ನಾನು ಇಂಜಿನ್ನಿನ ಬೋಲ್ಟುಗಳನ್ನು ಕದ್ದವಳು. ಆದರೆ ಅದನ್ನು ಒಬ್ಬ ಮಿಸ್ತ್ರಿಯ ಮುಂದೆ ಹೇಳುವುದು ಹೇಗೆ?

ನಾನು ಔರಾದಿನವಳು. ಮದುವೆಯಾಗಿ ಭಾಲ್ಕಿಗೆ ಬಂದಾಗ ಹದಿನಾರು ತುಂಬಿತ್ತು. ನಮ್ಮಪ್ಪ ಭಾಲ್ಕಿಗೆ ವರನನ್ನು ನೋಡಲು ಹೋದವರು ಮೋಟಾರನ್ನು ನೋಡಿ ಬಂದರು. ಮೋಟಾರು ಕರಿ ಬಣ್ಣದ್ದು, ನಾಲ್ಕು ಬಾಗಿಲಿನದು, ಮುಂದಿನ ಎರಡು ದೀಪ ನಮ್ಮ ಮನೆಯ ಹಿತ್ತಾಳೆ ಕೊಳಗದಷ್ಟು ದೊಡ್ಡವು ಎಂದು ಮನೆಯಲ್ಲಿ ಎರಡು ದಿನ ವರ್ಣಿಸಿದರು. "ಹುಡುಗ ಹ್ಯಾಂಗಿದ್ದಾನ್ರಿ?" ಎಂದು ಅವ್ವ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಬಾಗಲಾಗ ನಿಂತಿದ್ದ, ಛಲೋ ಅದಾನ" ಎಂದರಂತೆ. ಹೀಗೆ ನನ್ನ ಲಗ್ನ ಒಂದು ಮೋಟಾರಿನ ಜೊತೆ ನಿಶ್ಚಯವಾಯಿತು. ಲಗ್ನದ ದಿನ ಆ ಮೋಟಾರು ಔರಾದಿನ ತನಕ ಬಂತು. ಕೊನೆಯ ಎರಡು ಮೈಲು ಮಾತ್ರ ಅದನ್ನು ಎತ್ತು ಎಳೆದವು. ಮಾವನವರು ಸ್ಟೇರಿಂಗ್ ಹಿಡಿದು ಎತ್ತಿಗೇ ಹಾರ್ನ್ ಹೊಡೆಯುತ್ತ ಬಂದರೆಂದು ನಮ್ಮೂರವರು ಬಹಳ ಕಾಲ ಆಡಿಕೊಂಡರು.

ಮಾವನವರ ಹೆಸರು ಸಿದ್ರಾಮಪ್ಪ. ಭಾಲ್ಕಿಯಲ್ಲಿ ಬಟ್ಟೆಯ ಅಂಗಡಿ. ಬೀದರಿನ ಒಂದು ಹಳೆಯ ಮನೆತನ ಬೇಸತ್ತು ಮಾರಿದ ಆ ಮೋಟಾರನ್ನು ಕೊಂಡ ಮೇಲೆ ಅವರ ನಡಿಗೆಯೇ ಬದಲಾಯಿತಂತೆ. ಅಂಗಡಿ ಮನೆಯಿಂದ ಕೂಗಳತೆಯಲ್ಲಿತ್ತು. ಆದರೂ ಮೋಟಾರಿನಲ್ಲೇ ಹೋಗುತ್ತಿದ್ದರು. ಅದನ್ನು ಶುರು ಮಾಡಲು ಹ್ಯಾಂಡಲ್ ತಿರುಗಿಸುವ ಹೊತ್ತಿಗೆ ಅತ್ತೆಯವರು ನಡೆದುಕೊಂಡು ಹೋಗಿ, ಅಂಗಡಿಯಿಂದ ಒಂದು ಖಣ ಆರಿಸಿಕೊಂಡು ವಾಪಸು ಬಂದಿರುತ್ತಿದ್ದರು.

ಇದೆಲ್ಲ ನಿಜಾಮರ ಕಾಲದ ಕೊನೆಯ ದಿನಗಳ ಮಾತು. ಹೊರಗಿನಿಂದ ಸಾಮಾನು ಬರುವುದು ನಿಂತಿತ್ತು. ಪೆಟ್ರೋಲು ಎಂಬುದು ಅತ್ತರಿನ ಹಾಗೆ ಮೂಸಿ ನೋಡುವ ವಸ್ತುವಾಗಿತ್ತು. ಮೋಟಾರು ನಮ್ಮ ವಾಡೆ ಮನೆಯ ಹಿತ್ತಲಲ್ಲಿ ನಿಂತೇ ಇತ್ತು. ಮಾವನವರು ದಿನಾ ಸಂಜೆ ಅದರಲ್ಲಿ ಹೋಗಿ ಕೂತು ಎಲೆ ಅಡಿಕೆ ಹಾಕಿಕೊಂಡು ಇಳಿದು ಬರುತ್ತಿದ್ದರು. ಅಷ್ಟರಲ್ಲಿ ಸುದ್ದಿ ಬಂತು: ಊರೂರಿನ ಮೋಟಾರುಗಳನ್ನೆಲ್ಲ ಸರ್ಕಾರ ವಶಪಡಿಸಿಕೊಳ್ಳುತ್ತದೆ. ಸುದ್ದಿ ತಂದವರು ಪೇಶ್ಕಾರ ಮಾಣಿಕರಾಯರು, ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವರು. ತಲೆಯ ಮೇಲೆ ಕೆಂಪು ರೂಮಿ ಟೋಪಿ, ಕಂಕುಳಲ್ಲಿ ಒಂದು ದೊಡ್ಡ ದಫ್ತರ. "ಸಾವ್ಕಾರ್ರ, ನಿಮ್ಮ ಮೋಟಾರಿನ ಹೆಸರ ಯಾದ್ಯಾಗ ಬಂದದರಿ. ನಾನೇ ಬರ್ದೀನಿ" ಎಂದು ಉಪಕಾರ ಮಾಡಿದವರಂತೆ ಹೇಳಿ ಹೋದರು.

ಮಾವನವರು ಅಂದು ಊಟ ಮಾಡಲಿಲ್ಲ. ಮರುದಿನ ಬೀದರಿಗೆ ಹೇಳಿ ಕಳಿಸಿ ಇಸ್ಮಾಯಿಲ್ ಮಿಸ್ತ್ರಿಯನ್ನು ರೈಲಿನಲ್ಲಿ ಕರೆಸಿದರು.

ಇಸ್ಮಾಯಿಲ್ ಮಿಸ್ತ್ರಿ ಸಣಕಲು ಮನುಷ್ಯ. ಗಂಟಲು ಮಾತ್ರ ದೊಡ್ಡದು, ಕೆಲಸದ ಹೆಮ್ಮೆ ಅದಕ್ಕಿಂತ ದೊಡ್ಡದು. ಯಾರೋ ಒಬ್ಬ ದೊಡ್ಡ ಮನುಷ್ಯರು, "ನೀನು ಮಾಡಿಕೊಟ್ಟ ಇಂಜಿನ್ ಯಾಕೋ ಸಪ್ಪಳ ಮಾಡ್ತದ" ಎಂದಿದ್ದಕ್ಕೆ, ಅದನ್ನು ಮತ್ತೆ ಬಿಚ್ಚಿ ನೆಲದ ಮೇಲೆ ಹರವಿ, "ಈಗ ಸಪ್ಪಳ ಬಂದರ ಹೇಳ್ರಿ" ಎಂದು ಎದ್ದು ಬಂದಿದ್ದನಂತೆ. ನಮ್ಮ ಮಾವನವರು ಗುಟ್ಟಿನಲ್ಲಿ ಹೇಳಿದ ಉಪಾಯ ಕೇಳಿ ಅವನಿಗೆ ಭಾರಿ ಖುಷಿಯಾಯಿತು.

"ಇಂಜಿನ್ನೇ ಇಲ್ಲಂದ್ರ ಮೋಟಾರ್ ಒಯ್ದು ಏನ್ ಮಾಡ್ತಾರ್ರಿ? ಇವತ್ತ ಸಂಜಿ ಅನ್ನೋದ್ರಾಗ ಇಳಿಸಿ ನಿಮ್ಮ ಕೈಯಾಗ ಕೊಡ್ತೇನಿ, ಸಾವ್ಕಾರ್ರ."

ಮನೆಯಲ್ಲೇ ಇಂಜಿನ್ ಇಳಿಸುವುದು ಎಂದರೆ ಮನೆಯನ್ನೇ ಬಿಚ್ಚುವುದು ಎಂದು ನಮಗೆ ಅಂದು ತಿಳಿಯಿತು. ಬೋಲ್ಟು ತಿರುಗಿಸುವ ಪಾನಾ ಹಿಡಿದು ಮುಚ್ಚಳ ಬಿಚ್ಚಿದ. ನೀರಿನ ಡಬ್ಬಿ ಬಿಚ್ಚಿದ. ಪಂಖ, ತಂತಿ, ಕೊಳವೆ ಒಂದೊಂದಾಗಿ ಹೊರಬಂದವು. ಅವನ್ನು ಇಡಲು ತಾಟು ಬೇಕೆಂದ. ಅತ್ತೆಯವರು ತಾಟು ಕೊಟ್ಟರು. ಬೋಲ್ಟಿಗೆ ಬೋಗುಣಿ ಬೇಕೆಂದ. ಬೋಗುಣಿ ಕೊಟ್ಟರು. ಮಧ್ಯಾಹ್ನಕ್ಕೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಳಿಯಲಿಲ್ಲ, ಮೋಟಾರಿನಲ್ಲಿ ಸಾಮಾನು ಉಳಿಯಲಿಲ್ಲ. ಆಮೇಲೆ ಇಂಜಿನ್ ಎತ್ತಲು ಮೂರು ಕಂಬ ಕಟ್ಟಿ, ಬಾವಿಯ ರಾಟೆಯನ್ನು ತೂಗುಹಾಕಿ, ಹಗ್ಗದ ಇನ್ನೊಂದು ತುದಿಗೆ ಎತ್ತುಗಳನ್ನು ಹೂಡಿದರು. ಎತ್ತುಗಳು ತೋಟದ ಬಾವಿಯಿಂದ ಚರ್ಮದ ಚೀಲದಲ್ಲಿ ನೀರು ಎಳೆದು ಪಳಗಿದವು. ಮುಂದೆ ಹೋಗುವುದು, ಚೀಲ ಮೇಲೆ ಬಂತೆಂದರೆ ತಾವಾಗಿಯೇ ಹಿಂದೆ ಬರುವುದು, ಅವಕ್ಕೆ ಗೊತ್ತಿದ್ದ ಜಗತ್ತು ಇಷ್ಟೇ. ಇಂಜಿನ್ ಮೇಲೆ ಬಂತು, ಎಲ್ಲರೂ ಉಘೇ ಎಂದರು. ಎತ್ತುಗಳು ನೀರು ಬಂತೆಂದು ತಿಳಿದು ಹಿಂದೆ ಸರಿದವು, ಇಂಜಿನ್ ಮತ್ತೆ ಗೂಡು ಸೇರಿತು. ಹೀಗೆ ನಾಲ್ಕು ಸಲ. ಐದನೆಯ ಸಲ ಮಾವನವರೇ ಎತ್ತಿನ ಹಿಂದೆ ಹೋಗಿ ನಿಂತು ಎರಡು ಕೈಯಿಂದ ಅವುಗಳ ಪೃಷ್ಠವನ್ನು ಒತ್ತಿ ಹಿಡಿದರು. ಎತ್ತು ಅದಕ್ಕೆ ಕೊಟ್ಟ ಉತ್ತರ ಅವರ ಧೋತರದ ಮೇಲೆ ಬಿತ್ತು. ಆದರೂ ಕೈಬಿಡಲಿಲ್ಲ. ಊರಿನ ಇತಿಹಾಸದಲ್ಲಿ ನಮ್ಮ ಮಾವನವರ ಧೈರ್ಯದ ಪ್ರಸಂಗ ಎಂದು ಹೇಳಬಹುದಾದ್ದು ಅದೊಂದೇ.

ಇಂಜಿನ್ನನ್ನು ಉಗ್ರಾಣದಲ್ಲಿಟ್ಟು ಅದರ ಮೇಲೆ ಜೋಳ ಸುರಿದರು. ಆ ವರ್ಷವಿಡೀ ನಮ್ಮ ರೊಟ್ಟಿಗೆ ಮೋಟಾರಿನ ಎಣ್ಣೆಯ ವಾಸನೆ. ಬಂದ ನೆಂಟರು ಒಂದು ರೊಟ್ಟಿಗೇ ಕೈತೊಳೆಯುತ್ತಿದ್ದರು. ಅತ್ತೆಯವರಿಗೆ ಇಂಜಿನ್ನಿನಿಂದ ಆದ ಲಾಭ ಅದು.

ಎರಡು ದಿನಕ್ಕೆ ಪೇಶ್ಕಾರರು ಅಮೀನ್ ಸಾಹೇಬರನ್ನು, ಎಂದರೆ ಪೊಲೀಸ್ ಅಧಿಕಾರಿಯನ್ನು, ಕರೆದುಕೊಂಡು ಬಂದರು. ಅಮೀನರು ಮುಚ್ಚಳ ಎತ್ತಿ ನೋಡಿದರು. ಒಳಗೆ ನೆಲ ಕಾಣುತ್ತಿತ್ತು. ಒಂದು ಕೋಳಿ ಕೂತಿತ್ತು.

"ಇಂಜಿನ್ ಎಲ್ಲಿ ಅದ?"

"ಹುಜೂರ್, ಇದು ತಗೊಂಡಾಗಿಂದ ಹಿಂಗೇ ಅದರಿ" ಎಂದರು ಮಾವನವರು. ಅವರ ಧ್ವನಿ ನನ್ನ ಧ್ವನಿಗಿಂತ ಸಣ್ಣದಾಗಿತ್ತು.

ಪೇಶ್ಕಾರರಿಗೆ ಪೇಚಾಯಿತು. ಯಾದಿಯಲ್ಲಿ ಭಾಲ್ಕಿಯ ಮುಂದೆ ಒಂದು ಮೋಟಾರು ಎಂದು ಬರೆದಾಗಿತ್ತು, ಬರೆದದ್ದು ಸುಳ್ಳಾಗುವಂತಿಲ್ಲ. ಅವರು ಹಿತ್ತಲ ಕಟ್ಟೆಯ ಮೇಲೆ ಕೂತು ಪಂಚನಾಮೆ ಬರೆದರು: ಮೋಟಾರು ಹಾಜರು, ಇಂಜಿನ್ ಗೈರುಹಾಜರು. ಅಮೀನರು ಬಂದದ್ದಕ್ಕೆ ಏನಾದರೂ ಒಯ್ಯಬೇಕಲ್ಲ, ಹಾರ್ನನ್ನು ಕಿತ್ತುಕೊಂಡು ಹೋದರು.

ಅಮೀನರು ಬಂದು ಹೋಗುವ ತನಕ ಮಾವನವರು ಉಳಿಸಿಕೊಂಡಿದ್ದ ಇಸ್ಮಾಯಿಲ್ ಊರಿಗೆ ಹೊರಡಬೇಕು ಎನ್ನುವಷ್ಟರಲ್ಲಿ ರೈಲು ನಿಂತಿತು. ಗಡಿಯಲ್ಲಿ ಗಲಾಟೆ ಎಂದರು, ಗಡಿ ದಾಟಿ ಬಂದರು ಎಂದರು. ಪೊಲೀಸ್ ಆಕ್ಷನ್ ಎಂದು ಹೆಸರು. ಬಂದದ್ದು ಮಾತ್ರ ಭಾರತದ ಮಿಲಿಟರಿ. ಐದು ದಿನದೊಳಗೆ ಒಂದು ರಾಜ್ಯವೇ ಮುಗಿದುಹೋಯಿತು. ಕೆಂಪು ಟೋಪಿಗಳು ಒಂದೇ ಮಧ್ಯಾಹ್ನದಲ್ಲಿ ಎಲ್ಲಿ ಮಾಯವಾದವೋ, ಬಿಳಿ ಟೋಪಿಗಳು ಅಷ್ಟೊಂದು ಬೇಗ ಎಲ್ಲಿಂದ ಬಂದವೋ ನನಗೆ ಈಗಲೂ ತಿಳಿದಿಲ್ಲ. ನಮ್ಮ ಅಂಗಡಿಯಲ್ಲಿ ಬಿಳಿ ಬಟ್ಟೆಯ ಒಂದು ತುಂಡೂ ಉಳಿಯಲಿಲ್ಲ ಎನ್ನುವುದಷ್ಟೇ ಗೊತ್ತು.

ಇಲ್ಲಿಯ ತನಕ ನಗುತ್ತ ಹೇಳಿದೆ. ಮುಂದಿನದು ನಗುವಂಥದಲ್ಲ. ಅದುವರೆಗೆ ನಿಜಾಮರ ಕಡೆಯ, ಖಾಕಿ ತೊಟ್ಟ ಪುಂಡರು ಹಳ್ಳಿಗಳಲ್ಲಿ ಬಹಳ ಜನರನ್ನು ಗೋಳಾಡಿಸಿದ್ದರು. ಈಗ ಜನ ಅದರ ಸೇಡನ್ನು ಆ ಪುಂಡರ ಮುಖವನ್ನೇ ನೋಡಿರದ ಬಡ ಮುಸಲ್ಮಾನರ ಮನೆಗಳಲ್ಲಿ ತೀರಿಸಿಕೊಳ್ಳತೊಡಗಿದರು. ಬೆಳಿಗ್ಗೆ ಎದ್ದರೆ ಯಾವುದೋ ದಿಕ್ಕಿಗೆ ಹೊಗೆ ಕಾಣುತ್ತಿತ್ತು. ಇಸ್ಮಾಯಿಲನ ಹೆಂಡತಿ ಜುಲೇಖಾ ಬೀ, ಇಬ್ಬರು ಹೆಣ್ಣುಮಕ್ಕಳು ಬೀದರಿನಲ್ಲಿದ್ದರು. ಅವರು ಏನಾದರೋ ಗೊತ್ತಿರಲಿಲ್ಲ. ಅವನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ. ಅವನಿಗೆಂದೇ ಬೇರೆ ಇಟ್ಟಿದ್ದ ತಾಟಿನಲ್ಲಿ, ಬೇರೆ ಲೋಟದಲ್ಲಿ, ಅತ್ತೆಯವರು ಬಾಗಿಲ ಹೊರಗಿಂದಲೇ ಊಟ ಇಟ್ಟು ಬರುತ್ತಿದ್ದರು. ಅಷ್ಟು ಮಡಿವಂತೆ ಆಕೆ.

ಒಂದು ಮಧ್ಯಾಹ್ನ ಹದಿನೈದು ಇಪ್ಪತ್ತು ಜನ ಬಂದು ಬಾಗಿಲು ಬಡಿದರು. ಕೈಯಲ್ಲಿ ಬಡಿಗೆ, ಕುಡುಗೋಲು. ಎಲ್ಲರಿಗೂ ಮುಂದೆ ಬಸಣ್ಣ ಎನ್ನುವ ದೈತ್ಯ, ಹೆಗಲ ಮೇಲೆ ಕೊಡಲಿ. ಅವನ ಅಣ್ಣನನ್ನು ಬೇಸಿಗೆಯಲ್ಲಿ ಆ ಖಾಕಿಯವರು ಕೊಂದಿದ್ದರು. ಪಕ್ಕದಲ್ಲಿ ಪೇಶ್ಕಾರ ಮಾಣಿಕರಾಯರು. ತಲೆಯ ಮೇಲೆ ಹೊಸ ಬಿಳಿ ಟೋಪಿ, ಕಂಕುಳಲ್ಲಿ ಅದೇ ದಫ್ತರ.

"ಸಾವ್ಕಾರ್ರ, ಒಬ್ಬ ಸಾಬ ನಿಮ್ಮನ್ಯಾಗ ಅದಾನಂತ. ಹೊರಗ ಕಳಸ್ರಿ" ಎಂದ ಬಸಣ್ಣ.

ಮಾವನವರು ಧೋತರದ ಚುಂಗನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನನ್ನ ಯಜಮಾನರು ಅವರ ಪಕ್ಕಕ್ಕೆ ಹೋಗಿ ನಿಂತರು. ಆಗ ಅತ್ತೆಯವರು ತಲೆಯ ಮೇಲೆ ಸೆರಗು ಎಳೆದುಕೊಂಡು, ಗಂಡನನ್ನು ಮೊಳಕೈಯಿಂದ ಪಕ್ಕಕ್ಕೆ ಸರಿಸಿ ಬಾಗಿಲಿಗೆ ಬಂದರು.

"ಅದಾನ. ಇಂಜಿನ್ ಕೂಡಸ್ಲಿಕ್ಕಿ ಕರೆಸೀವಿ. ಯಾಕ?"

"ಇಂಜಿನ್?" ಎಂದರು ಪೇಶ್ಕಾರರು. ಅವರ ದನಿಯೇ ಬದಲಾಯಿತು.

"ಹೂಂ. ಪೇಶ್ಕಾರ್ರ, ಊರಾಗ ಮೆರವಣಿಗಿ ಮಾಡಾವ್ರಿದ್ದೀರಂತ? ಬೀದರಿಂದ ದೊಡ್ಡ ದೊಡ್ಡ ಮಂದಿ ಬರ್ತಾರಂತ? ಅವರ್ನ ಬಂಡ್ಯಾಗ ಕೂಡಸ್ತೀರೇನು? ಮೋಟಾರ್ ಬ್ಯಾಡೇನು? ಮುಂದ ನೀವ ಕೂಡಾವ್ರು. ಇಂಜಿನ್ ಬಿಚ್ಚಿದಾವ ಅವ, ಕೂಡಸ್ಲಿಕ್ಕಿ ಅವಗ ಒಬ್ಬನಿಗೇ ಗೊತ್ತು. ಒಯ್ತಿದ್ರ ಒಯ್ರಿ. ಮೋಟಾರ್ ನೀವ ಎಳೀರಿ."

ಮೋಟಾರಿನ ಮುಂದಿನ ಸೀಟಿನಲ್ಲಿ ತಾವು ಕೂತಿರುವುದನ್ನು ಪೇಶ್ಕಾರರು ಕಣ್ಣಮುಂದೆ ಕಂಡರೆಂದು ನನಗೆ ತೋರುತ್ತದೆ. ಅವರು ಬಸಣ್ಣನ ಭುಜದ ಮೇಲೆ ಕೈಯಿಟ್ಟು, "ಇಂಜಿನ್ ಕೂಡ್ಲಿ ಬಸಣ್ಣ. ಆಮ್ಯಾಲ ನೋಡಮು" ಎಂದರು. ಬಸಣ್ಣ ಅತ್ತೆಯವರನ್ನೇ ದಿಟ್ಟಿಸಿದ. "ಕೂಡೂ ತನಕ ನಾ ಇಲ್ಲೇ ಇರ್ತೇನಿ" ಎಂದು ಹಿತ್ತಲಿಗೆ ಬಂದು ಕೊಡಲಿ ಕೆಳಗಿಟ್ಟು ಕೂತ.

ಒಬ್ಬ ಮನುಷ್ಯನ ಜೀವ ಉಳಿಯಬೇಕಾದರೆ ಒಂದು ಇಂಜಿನ್ ಕೂಡಬಾರದು. ಇಷ್ಟು ಸರಳ. ಆದರೆ ಇಸ್ಮಾಯಿಲ್ ಮಿಸ್ತ್ರಿಗೆ ಇದನ್ನು ಯಾರು ಹೇಳುವುದು? ಅತ್ತೆಯವರು ಊಟ ಇಡುವ ನೆಪದಲ್ಲಿ, "ಸಾವಕಾಶ ಮಾಡೋ ತಮ್ಮಾ" ಎಂದು ಪಿಸುಗುಟ್ಟಿದರು. ಅವನಿಗೆ ಅವಮಾನವಾಯಿತು.

"ಸಾವಕಾಶ ಯಾಕ್ರಿ ಅಮ್ಮೋರ? ಎರಡು ದಿನದ ಕೆಲಸ. ಇಸ್ಮಾಯಿಲ್ ಕೈ ಅಂದ್ರ ಏನ್ ತಿಳದೀರಿ?"

"ಅಲ್ಲೋ, ಕೂಡಸಿದ ಮ್ಯಾಲ ಅವ್ರು ನಿನ್ನ..."

"ಮಾಡಿದ್ರ ಮಾಡ್ಲಿರಿ. ಇಸ್ಮಾಯಿಲಗ ಕೂಡಸ್ಲಿಕ್ಕಿ ಬರ್ಲಿಲ್ಲ ಅಂತ ಯಾರೂ ಅನಬಾರ್ದು."

ಅತ್ತೆಯವರು ಒಳಗೆ ಬಂದು ಹಣೆ ಚಚ್ಚಿಕೊಂಡರು. "ಗಂಡಸರಿಗೆ ದೇವರು ಬುದ್ಧಿ ಕೊಡ್ಲಿಲ್ಲ, ಪಾನಾ ಕೊಟ್ಟ" ಎಂದು ಗೊಣಗಿ, ನನ್ನನ್ನು ಹತ್ತಿರ ಕರೆದರು. ಅವನು ನಿಜವಾಗಿಯೂ ಎರಡು ದಿನದಲ್ಲಿ ಮುಗಿಸಿಬಿಡುವವನು. ಆದ್ದರಿಂದ ಮರುದಿನದಿಂದ ನಾವಿಬ್ಬರೂ ಕಳ್ಳರಾದೆವು.

ಮಧ್ಯಾಹ್ನ ಊಟವಾದ ಮೇಲೆ ಬಸಣ್ಣ ಬೇವಿನ ನೆರಳಿಗೆ ಅಡ್ಡಾಗುತ್ತಿದ್ದ. ಇಸ್ಮಾಯಿಲ್ ನಮಾಜಿಗೆ ಕೋಣೆಗೆ ಹೋಗುತ್ತಿದ್ದ. ಆಗ ನಾನು ಕೊಡ ಹಿಡಿದು ಬಾವಿಗೆ ಹೊರಟವಳಂತೆ ಹಿತ್ತಲಿಗೆ ಹೋಗಿ, ಬೋಗುಣಿಯಿಂದ ಒಂದು ಬೋಲ್ಟು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದೆ. ಒಂದು ದಿನ ಬೋಲ್ಟು, ಒಂದು ದಿನ ವಾಷರು, ಇನ್ನೊಂದು ದಿನ ಹೆಸರೇ ಗೊತ್ತಿಲ್ಲದ ಒಂದು ಸ್ಪ್ರಿಂಗು. ಅತ್ತೆಯವರು ಅವನ್ನು ಹುಣಸೆಹಣ್ಣಿನ ಮಡಕೆಯಲ್ಲಿ ಹೂಳುತ್ತಿದ್ದರು. ಎರಡು ದಿನ ಬಿಟ್ಟು ಹಳೆಯ ಬೋಲ್ಟನ್ನು ವಾಪಸಿಟ್ಟು ಹೊಸದನ್ನು ತರಬೇಕು. ಇಲ್ಲದಿದ್ದರೆ ಇಂಜಿನ್ ಮುಂದಕ್ಕೇ ಸಾಗದೆ ಬಸಣ್ಣನಿಗೆ ಅನುಮಾನ ಬರುತ್ತದೆ. ಇಂಥ ಸೂಕ್ಷ್ಮವೆಲ್ಲ ಅತ್ತೆಯವರಿಗೆ ಹೇಗೆ ಹೊಳೆಯುತ್ತಿತ್ತೋ. ನನಗಂತೂ ಒಮ್ಮೆ ಸೆರಗಿನ ಗಂಟು ಬಿಚ್ಚಿ ಬೋಲ್ಟು ಟಣ್ ಎಂದು ಬಸಣ್ಣನ ಮುಂದೆಯೇ ಬಿತ್ತು. "ಏನದು ತಂಗಿ?" ಎಂದ. "ನನ್ನ ತಾಳಿ" ಎಂದೆ. ಅವನು ಬಿಚ್ಚಿದ ಕಣ್ಣು ಮುಚ್ಚಿಕೊಂಡ. ನಾನು ಜೀವನದಲ್ಲಿ ಹೇಳಿದ ಅತ್ಯಂತ ಬುದ್ಧಿಗೇಡಿ ಸುಳ್ಳು ಅದು. ಅವನು ಅದನ್ನು ಯಾಕೆ ನಂಬಿದ, ನಂಬಿದನೋ ಇಲ್ಲವೋ, ಎಂಬುದನ್ನು ಬಹಳ ಸಲ ಯೋಚಿಸಿದ್ದೇನೆ.

ಇಸ್ಮಾಯಿಲನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಬೋಗುಣಿಯನ್ನು ಮಗುಚಿ ಹಾಕಿ ಹುಡುಕುವನು. ನಿನ್ನೆ ಇಲ್ಲದ್ದು ಇಂದು ಇರುವುದು, ಇಂದು ಇದ್ದದ್ದು ನಾಳೆ ಇಲ್ಲದಿರುವುದು. ತನ್ನ ಕೈಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವನು. ಒಂದು ದಿನ ಮಾವನವರ ಮುಂದೆ ಬಂದು, "ಸಾವ್ಕಾರ್ರ, ನನ್ನ ತಲಿ ನೆಟ್ಟಗಿಲ್ಲರಿ. ಹೆಂಡ್ತಿ ಮಕ್ಕಳದ್ದೇ ವಿಚಾರ, ಕೈಯಾಗ ಹಿಡದದ್ದು ಎಲ್ಲಿ ಇಡ್ತೇನೋ ತಿಳೀವಲ್ದು" ಎಂದು ಕಣ್ಣು ತುಂಬಿಕೊಂಡ. ಮಾವನವರಿಗೆ ನಮ್ಮ ಕಳ್ಳತನ ಗೊತ್ತಿರಲಿಲ್ಲ. ಅವರೂ ಅತ್ತರು.

ಪೇಶ್ಕಾರರು ದಿನಾ ಬಂದು, "ಎಲ್ಲಿಗೆ ಬಂತು?" ಎಂದು ಕೇಳಿ ದಫ್ತರದಲ್ಲಿ ಬರೆದುಕೊಳ್ಳುತ್ತಿದ್ದರು. ಮೆರವಣಿಗೆಗೆಂದು ಎರಡು ಡಬ್ಬಿ ಪೆಟ್ರೋಲು ಸಂಪಾದಿಸಿ ತಂದಿಟ್ಟುಕೊಂಡಿದ್ದರು. ಆದರೆ ಬೀದರಿನ ದೊಡ್ಡವರು ಇಂಜಿನ್ನಿಗಾಗಿ ಕಾಯುತ್ತಾರೆಯೇ? ಒಂದು ದಿನ ಬಂದೇಬಿಟ್ಟರು. ಮೆರವಣಿಗೆ ಬಂಡಿಯಲ್ಲೇ ನಡೆಯಿತು. ಜನ ಹೆಚ್ಚಾಗಿ, ಪೇಶ್ಕಾರರಿಗೆ ಬಂಡಿಯಲ್ಲೂ ಜಾಗ ಸಿಗದೆ, ಎತ್ತಿನ ಮೂಗುದಾರ ಹಿಡಿದು ಮುಂದೆ ನಡೆದರು. ಮುಂದಿನ ಮೆರವಣಿಗೆಗಾದರೂ ಆದೀತೆಂದು ಮೋಟಾರಿನ ಆಸೆ ಮಾತ್ರ ಬಿಡಲಿಲ್ಲ.

ಬಸಣ್ಣನ ವಿಷಯ ಬೇರೆ. ಅವನು ಬಂದ ಮೊದಲ ವಾರ ಬೇವಿನ ಬುಡ ಬಿಟ್ಟು ಏಳಲಿಲ್ಲ. ಎರಡನೆಯ ವಾರ, ಒಬ್ಬನೇ ಎತ್ತಲಾರದೆ ಒದ್ದಾಡುತ್ತಿದ್ದ ಇಸ್ಮಾಯಿಲನನ್ನು ನೋಡಿ ತಡೆಯಲಾರದೆ, "ಸರಿ ಅತ್ಲಾಗ" ಎಂದು ಇಂಜಿನ್ನಿಗೆ ಕೈಹಚ್ಚಿದ. ಹಳೆಯ ಕಂಬಗಳನ್ನು ನಾವು ಒಲೆಗೆ ಹಾಕಿದ್ದೆವು. ಹೊಸ ಕಂಬ ಬೇಕಾದಾಗ ಅವನ ಕೊಡಲಿ ಮೊದಲ ಸಲ ಕೆಲಸಕ್ಕೆ ಬಂತು. ಆಮೇಲೆ ಅವನಿಗೆ ಪಾನಾಗಳ ಹೆಸರು ಬಂದವು. ಎಣ್ಣೆ ಎಲ್ಲಿ ಹಾಕಬೇಕು, ಯಾವುದು ಮೊದಲು ಬಿಗಿಯಬೇಕು ಎಂದು ಇಬ್ಬರೂ ಜಗಳಾಡತೊಡಗಿದರು. ಒಂದು ಮಧ್ಯಾಹ್ನ ಅವನು ತಾನಾಗಿಯೇ ತನ್ನ ಅಣ್ಣನ ವಿಷಯ ಹೇಳಿದ. ಇಸ್ಮಾಯಿಲ್ ಪಾನಾ ಕೆಳಗಿಟ್ಟು ಕೇಳಿದ. ಕೊನೆಗೆ, "ನನ್ನ ಸಣ್ಣ ಮಗಳಿಗೆ ಇನ್ನಾ ನಾಕು ವರ್ಷ" ಎಂದಷ್ಟೇ ಹೇಳಿದ. ಬಸಣ್ಣ ಎದ್ದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕೊಡಲಿ ಬೇವಿಗೆ ಒರಗಿಯೇ ಇತ್ತು. ನಾಲ್ಕನೆಯ ದಿನ ಬಂದು, ನಿಂತಲ್ಲಿಂದಲೇ, "ಮಿಸ್ತ್ರಿ, ನಿನ್ನ ಮಂದಿ ಬಗದಲ್‌ದಾಗ ಅದಾರ. ಕುರುಬರ ಮನ್ಯಾಗ. ಮೂರೂ ಮಂದಿ" ಎಂದ. ಬಗದಲ್ ಎಂದರೆ ಬೀದರಿನ ಹತ್ತಿರದ ಒಂದು ಹಳ್ಳಿ. ಬಸಣ್ಣ ಬೀದರಿನ ತನಕ ನಡೆದು ಹೋಗಿ ಕೇಳಿಕೊಂಡು ಬಂದಿದ್ದ.

ಇಸ್ಮಾಯಿಲ್ ನೇರವಾಗಿ ಇಂಜಿನ್ನಿನ ಕಡೆ ನಡೆದು ಕೆಲಸಕ್ಕೆ ಕೂತ. ಬೋಗುಣಿಯಲ್ಲಿ ಐದು ಬೋಲ್ಟು ಕಡಿಮೆ ಇದ್ದವು.

ಆಗ ಅತ್ತೆಯವರು ಒಳಗೆ ಹೋಗಿ, ಹುಣಸೆಹಣ್ಣಿನ ಮಡಕೆಯಿಂದ ಎಲ್ಲವನ್ನೂ ತೆಗೆದು, ತೊಳೆದು, ತಾಟಿನಲ್ಲಿಟ್ಟುಕೊಂಡು ತಾವೇ ಹಿತ್ತಲಿಗೆ ಬಂದರು. ಹುಳಿ ತಾಗಿ ಬೋಲ್ಟುಗಳು ದೇವರ ಮನೆಯ ಸಾಮಾನಿನ ಹಾಗೆ ಥಳಥಳ ಹೊಳೆಯುತ್ತಿದ್ದವು. ಇಸ್ಮಾಯಿಲ್ ತಾಟನ್ನು ನೋಡಿದ. ಅತ್ತೆಯವರನ್ನು ನೋಡಿದ. ತಡವಾಗಿ ಅರ್ಥವಾಯಿತು.

"ಅಮ್ಮೋರ, ನನ್ನ ಇಜ್ಜತ್ ತೆಗದ್ರಲ್ರೀ!" ಎಂದು ಕೂಗಿದ. ನಲವತ್ತು ದಿನದಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ತೆಗದೆ. ಜೀವ ಉಳಸ್ದೆ. ಹಿಡಿ" ಎಂದರು ಅತ್ತೆ. ಅವನು ತಾಟು ತೆಗೆದುಕೊಂಡ. ಮಾವನವರು ಒಮ್ಮೆ ನನ್ನನ್ನೂ ಒಮ್ಮೆ ಹೆಂಡತಿಯನ್ನೂ ನೋಡುತ್ತ, "ನನಗ್ಯಾಕ ಹೇಳಲಿಲ್ಲ?" ಎಂದು ಕೇಳಿದರು. ಬಸಣ್ಣ ನನ್ನ ಕಡೆ ತಿರುಗಿ, "ತಾಳಿ ಸಿಕ್ತಾ ತಂಗಿ?" ಎಂದ.

ಸಂಜೆಗೆ ಇಂಜಿನ್ ಕೂತಿತು. ದೀಪಾವಳಿಗೆ ಇನ್ನು ಎರಡು ದಿನ ಇತ್ತು. ಪೇಶ್ಕಾರರ ಪೆಟ್ರೋಲು ಬೇಕಾಯಿತು. ಕೋಟೆಯ ಬಾಗಿಲಿನಿಂದ ಟೇಶನ್ನಿನ ತನಕ ತಮ್ಮೊಬ್ಬರನ್ನೇ ಮುಂದೆ ಕೂಡಿಸಿಕೊಂಡು ಒಂದು ಸುತ್ತು ಹಾಕಿಸಬೇಕೆಂಬ ಕರಾರಿನ ಮೇಲೆ ಎರಡೂ ಡಬ್ಬಿ ಕೊಟ್ಟರು. ದಾರಿಯಲ್ಲಿ ಯಾರೂ ಇರಲಿಲ್ಲ. ಆದರೂ ಅವರು ಎರಡೂ ಕಡೆಗೆ ಕೈಮುಗಿಯುತ್ತ ಹೋದರು.

ಮರುದಿನ ಬೆಳಿಗ್ಗೆ ಬಗದಲಿಗೆ ಹೊರಟೆವು. ಇಸ್ಮಾಯಿಲ್ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಬಸಣ್ಣ. ಹಿಂದೆ ಮಾವನವರು, ಅತ್ತೆಯವರು, ನಾನು. ದಾರಿಯುದ್ದಕ್ಕೂ ಸುಟ್ಟ ಮನೆಗಳಿದ್ದವು. ಇಂಜಿನ್ ಒಂದು ಅಪಸ್ವರವೂ ಇಲ್ಲದೆ ನಡೆಯುತ್ತಿತ್ತು.

ಕುರುಬರ ಮನೆ ಊರ ಹೊರಗೆ. ಮುಳ್ಳುಬೇಲಿಯ ದೊಡ್ಡಿ, ಒಳಗೆ ಕುರಿಗಳು. ಮೋಟಾರಿನ ಸದ್ದಿಗೆ ಮನೆಯ ಮುದುಕ ಕೋಲು ಹಿಡಿದು ಹೊರಗೆ ಬಂದ. ಅವನ ಹಿಂದೆ ಕಂಬಳಿ ಹೊದ್ದ ಒಬ್ಬ ಹೆಂಗಸು, ಅವಳ ಸೆರಗು ಹಿಡಿದ ಇಬ್ಬರು ಹುಡುಗಿಯರು. ಅವಳು ಇಸ್ಮಾಯಿಲನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಅಳಲಿಲ್ಲ. ಮನೆಯ ಮಂದಿಗೆಲ್ಲ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ ಬೈಯಲು ಶುರು ಮಾಡಿದಳು.

"ಒಂದ್ ಇಂಜಿನ್ ಇಳಸ್ತೇನಿ, ನಾಳಿ ಬರ್ತೇನಿ ಅಂತ ಹೋದಾವ ನೀ. ಎಷ್ಟ್ ದಿನ ಆತು? ಸತ್ತಿ ಅಂದ್ಕೊಂಡು ಬಳಿ ಒಡ್ಕೊಂಡೆ. ಏನ್ ಮಾಡ್ತಿದ್ದಿ ಇಷ್ಟ್ ದಿನ?"

"ಬೋಲ್ಟ್ ಸಿಗ್ಲಿಲ್ಲ" ಎಂದ ಇಸ್ಮಾಯಿಲ್.

"ಬೋಲ್ಟ್! ಒಂದ್ ಬೋಲ್ಟ್ ಹುಡಕ್ಲಿಕ್ಕಿ ಬರಂಗಿಲ್ಲ ನಿನಗ? ಒಂದ್ ಇಂಜಿನ್ ಕೂಡಸ್ಲಿಕ್ಕಿ ಬರಂಗಿಲ್ಲ? ಎಂಥಾ ಮಿಸ್ತ್ರಿ ನೀ?"

ಅತ್ತೆಯವರು ಬಾಗಿಲು ತೆಗೆದು ಇಳಿಯಹೋದರು, ಏನೋ ಹೇಳಲು ಬಾಯಿ ತೆರೆದರು. ಇಸ್ಮಾಯಿಲ್ ಬೇಡವೆಂದು ಕೈ ಮಾಡಿದ. ಜುಲೇಖಾ ಬೀ ಕುರಿಗಳ ನಡುವೆ ಕುಸಿದು ಕೂತು, ಆಗ ಅಳತೊಡಗಿದಳು. ಅವನು ಅವಳ ಮುಂದೆ ಮೊಣಕಾಲೂರಿ ಕೂತ. ಎಣ್ಣೆ ಮೆತ್ತಿದ ಎರಡೂ ಕೈಗಳಿಂದ ಅವಳ ಕೈ ಹಿಡಿದುಕೊಂಡು, ನಮಗೆಲ್ಲ ಕೇಳುವ ಹಾಗೆ ಮತ್ತೆ ಮತ್ತೆ ಹೇಳಿದ:

"ಬರಂಗಿಲ್ಲ ಜುಲೇಖಾ. ನನಗ ಕೆಲಸ ಬರಂಗಿಲ್ಲ."